ಸ್ವತಂತ್ರ ಗ್ರಂಥಕರ್ತನ ಮೂರು ಗುಣಗಳು: ಒಂದು ವಿವೇಚನೆ

ಸಂಘದ ಸ್ಮರಣ ಸಂಚಿಕೆಗೆ ಸಾಹಿತ್ಯವಿಮರ್ಶೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಪ್ರಾಚೀನ ಕವಿಗಳಲ್ಲಿ ಯಾರನ್ನಾದರೂ ಕುರಿತು ಬರೆಯೋಣವೆಂದು ಮೊದಲು ಎಣಿಸಿದೆನು. ಆದರೆ ಮುಚ್ಚಂಡಿಯಲ್ಲಿ ನಾನಿರುವ ಮನೆಯ ಕಪಾಟಿನ ಕೆಳಗಿನ ಖಾನೆ ಆ ಎಣಿಕೆಯನ್ನು ತಪ್ಪಿಸಿತು. ಆ ಖಾನೆಯಲ್ಲಿ ನಮ್ಮ ಗಡಿಭಾಗದ ಲೇಖಕರು, ಅವರಲ್ಲಿಯೂ ಬಹುಮಟ್ಟಿಗೆ ಶಿಕ್ಷಕ ಬಂಧುಗಳು, ಪ್ರೀತಿಯಿಂದ ಕೊಟ್ಟ ಪುಸ್ತಕಗಳಿವೆ. ಪ್ರತಿಯೊಂದರ ಮೊದಲ ಪುಟದಲ್ಲಿ ‘ಸಪ್ರೇಮ ಕಾಣಿಕೆ’ ಎಂಬ ಬರಹವೂ, ಸಹಿಯೂ, ತಾರೀಖೂ ಇವೆ. ನಾಚಿಕೆಯ ಮಾತೆಂದರೆ, ಅವುಗಳಲ್ಲಿ ಎಷ್ಟನ್ನು ಕೊನೆಯವರೆಗೆ ಓದಿದ್ದೇನೆಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಆದರೆ ಅವುಗಳ ಬಿಡುಗಡೆಯ ಸಮಾರಂಭಗಳಲ್ಲಿ ನಾನು ಆಡಿದ ಮಾತುಗಳೇನು ಕಡಿಮೆಯಲ್ಲ! ಶಾಲು, ಶ್ರೀಫಲ, ಫೇಟಾ, ಚಪ್ಪಾಳೆ ಎಲ್ಲವೂ ಆದವು. ಓದು ಮಾತ್ರ ಉಳಿಯಿತು.

ಆದುದರಿಂದ ದೂರದ ವಿಷಯವನ್ನು ಬಿಟ್ಟು ಈ ಹತ್ತಿರದ ವಿಷಯವನ್ನೇ ವಿವೇಚಿಸುವುದು ಉಚಿತವೆಂದು ತೋರಿತು. ‘ಸ್ವತಂತ್ರ ಗ್ರಂಥಕರ್ತ’ ಎಂಬ ಮಾತನ್ನು ನಾನು ಇಲ್ಲಿ ಒಂದು ಗೊತ್ತಾದ ಅರ್ಥದಲ್ಲಿ ಬಳಸುತ್ತೇನೆ. ಅರಮನೆಯ ಆಶ್ರಯವಿಲ್ಲದೆ, ದೊಡ್ಡ ಪ್ರಕಾಶಕರ ಬೆಂಬಲವಿಲ್ಲದೆ, ತಾನೇ ಬರೆದು, ತಾನೇ ಛಾಪಿಸಿ, ತಾನೇ ಹಂಚುವವನು ಅವನು. ಅವನಲ್ಲಿ ಮೂರು ಗುಣಗಳು ಒಟ್ಟೊಟ್ಟಿಗೆ ಕಂಡುಬರುತ್ತವೆ: ಇತರರ ಬಗ್ಗೆ ಔದಾರ್ಯ, ತನ್ನ ಬಗ್ಗೆ ಸಂಶಯ, ಮತ್ತು ತನ್ನ ಬಗ್ಗೆಯೇ ಪ್ರಚಾರ. ಇವುಗಳಲ್ಲಿ ಮೊದಲನೆಯದು ಸದ್ಗುಣ, ಎರಡನೆಯದು ದೌರ್ಬಲ್ಯ, ಮೂರನೆಯದು ದುರ್ಗುಣ ಎಂದು ನಾವು ಸಾಮಾನ್ಯವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಸರಿಯಲ್ಲವೆಂಬುದು ನನ್ನ ವಾದ. ಮೂರೂ ಗುಣಗಳಿಗೆ ಅವುಗಳದೇ ಆದ ಸ್ಥಾನವೂ ವೇಳೆಯೂ ಉಂಟು. ಸ್ಥಾನ ತಪ್ಪಿದಾಗ ಔದಾರ್ಯವೂ ಕೆಡುಕು ಮಾಡುತ್ತದೆ; ಸ್ಥಾನದಲ್ಲಿದ್ದರೆ ಪ್ರಚಾರವೂ ಒಂದು ಸೇವೆಯಾಗುತ್ತದೆ. ಇದನ್ನು ನಮ್ಮ ಸಾಹಿತ್ಯದ ಕೆಲವು ಉದಾಹರಣೆಗಳಿಂದ ಪರೀಕ್ಷಿಸಿ ನೋಡೋಣ.

ನಮ್ಮ ಪರಂಪರೆಯು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತನ್ನ ಕಾವ್ಯವನ್ನು ಪರೀಕ್ಷಿಸಲು ಬರುವವನಿಗೆ ಎಂತಹ ಎದೆಗಾರಿಕೆ ಬೇಕೆಂದು ಸವಾಲು ಹಾಕಿದವನು. ಪೊನ್ನನಿಗೆ ‘ಉಭಯಕವಿ ಚಕ್ರವರ್ತಿ’ ಎಂಬ ಬಿರುದು. ಇದರ ಮುಂದೆ ಎರಡು ಶತಮಾನ ಕಳೆದು ಬಂದ ವಚನಕಾರರಾದರೋ ತಮ್ಮ ಮಾತಿನ ಕೊನೆಗೆ ತಮ್ಮ ಹೆಸರನ್ನೇ ಇಡಲಿಲ್ಲ. ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಒಂದು ಕಡೆಗೆ ಎದೆ ತಟ್ಟಿ ಹೇಳಿದ ಹೆಸರು, ಇನ್ನೊಂದು ಕಡೆಗೆ ಮರೆಯಾದ ಹೆಸರು. ಆದರೆ ರನ್ನನ ಕಾವ್ಯವು ಆತ್ಮಸ್ತುತಿಯಿಂದ ಕೆಡಲಿಲ್ಲ, ವಚನಗಳು ಬರಿಯ ವಿನಯದಿಂದ ಬದುಕಲಿಲ್ಲ. ಎರಡೂ ಉಳಿದುದು ಮಾತಿನ ಸತ್ವದಿಂದ. ಬಿರುದು ಕವಿಯ ಕಾಲಕ್ಕೆ, ಸತ್ವ ಓದುಗನ ಕಾಲಕ್ಕೆ.

ಅದೇ ರನ್ನನ ಆಶ್ರಯದಾತೆಯಾದ ಅತ್ತಿಮಬ್ಬೆಯ ಕೆಲಸವನ್ನು ಮಾತ್ರ ಇಲ್ಲಿ ನೆನೆಯದಿರಲಾಗದು. ಛಾಪಖಾನೆಯಿಲ್ಲದ ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಇಂದು ಯಂತ್ರವಿದ್ದೂ ನಮ್ಮ ಕಡೆಯ ಲೇಖಕನು ಅಷ್ಟು ಪ್ರತಿ ಛಾಪಿಸಲು ಹಿಂದೆಮುಂದೆ ನೋಡುತ್ತಾನೆ. ಆಕೆ ಹಂಚಿದ ಪುಸ್ತಕದಲ್ಲಿ ಆಕೆಯ ಬರಹ ಒಂದು ಸಾಲೂ ಇರಲಿಲ್ಲ. ಇನ್ನೊಬ್ಬರ ಗ್ರಂಥಕ್ಕಾಗಿ ಕೈ ಬಿಚ್ಚುವುದು ಸಾಹಿತ್ಯದ ಔದಾರ್ಯದ ಮೊದಲನೆಯ ಲಕ್ಷಣವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ಇನ್ನು ಆತ್ಮಸಂಶಯದ ಮಾತು. ಕನ್ನಡದಲ್ಲಿ ಇದಕ್ಕೆ ಉತ್ತಮ ಉದಾಹರಣೆ ನಮ್ಮದೇ ವೃತ್ತಿಯವನು: ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಅಂದರೆ ‘ಮುದ್ದಣ’. ಇವನು 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುತ್ತಿದ್ದ ಶಿಕ್ಷಕನಿವನು. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದ ಈತನು ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀ ರಾಮಾಶ್ವಮೇಧ’ ಎಂಬ ಮೂರು ಕೃತಿಗಳನ್ನು ಬರೆದಾಗ ಮಾತ್ರ ಅವು ತನ್ನವೆಂದು ಹೇಳಿಕೊಳ್ಳಲಿಲ್ಲ. ಯಾರೋ ಹಿಂದಿನ ಕವಿಯ ಗ್ರಂಥಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳಿಸಿದನು. ಅಲ್ಲಿಯ ವಿದ್ವಾಂಸರು ಅವನ್ನು ಹಾಗೆಯೇ ಸ್ವೀಕರಿಸಿ ಪ್ರಕಟಿಸಿದರು. ನಿಜವಾದ ಕರ್ತೃ ಯಾರೆಂಬುದು ನಾಡಿಗೆಲ್ಲ ಖಚಿತವಾದುದು ಅವನು ತೀರಿಕೊಂಡ ಮೇಲೆ.

ಹೀಗೇಕೆ ಮಾಡಿದನು? ಹಳೆಯದೆಂದರೆ ಗೌರವ, ಹೊಸದೆಂದರೆ ಅನುಮಾನ ಎಂಬ ಕಾಲವದು. ಊರಿನ ಡ್ರಿಲ್ ಮಾಸ್ತರನೊಬ್ಬನು ಹಳಗನ್ನಡ ಗದ್ಯದಲ್ಲಿ ಕಾವ್ಯ ಬರೆದೆನೆಂದರೆ ಪಂಡಿತರು ಪುಟ ತೆರೆಯದೆಯೇ ಬದಿಗಿಟ್ಟಾರೆಂಬ ಭಯ ಅವನಿಗಿದ್ದಿರಬೇಕು. ಪುಸ್ತಕದ ಗುಣದ ಬಗ್ಗೆ ಅವನಿಗಿದ್ದ ಸಂಶಯ ಎಷ್ಟೋ, ಓದುವವರ ನ್ಯಾಯದ ಬಗ್ಗೆ ಇದ್ದ ಸಂಶಯ ಅದಕ್ಕಿಂತ ಹೆಚ್ಚು. ಆದರೆ ವಿಚಾರಿಸಬೇಕಾದ ಇನ್ನೊಂದು ಅಂಶವಿದೆ. ಹೆಸರನ್ನು ಮರೆಮಾಡಿದ ಕವಿ, ‘ಮುದ್ದಣ’ ಎಂಬ ತನ್ನ ಹೆಸರನ್ನೇ ಕಾವ್ಯದೊಳಗಿನ ಪಾತ್ರಕ್ಕೆ ಇಟ್ಟನು! ಮರೆಯಾಗಬೇಕೆಂಬ ಆಸೆಯೂ, ಕಾಣಿಸಿಕೊಳ್ಳಬೇಕೆಂಬ ಆಸೆಯೂ ಒಂದೇ ಎದೆಯಲ್ಲಿದ್ದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೆ? ಬರೆಯುವವರಲ್ಲಿ ಈ ಎರಡು ಆಸೆಗಳು ಅಕ್ಕಪಕ್ಕದ ಮನೆಯವು; ಒಂದನ್ನು ಮಾತ್ರ ಹೊತ್ತು ಹುಟ್ಟಿದವರು ವಿರಳ.

ವಿಮರ್ಶೆಯ ದೃಷ್ಟಿಯಿಂದ ‘ಶ್ರೀ ರಾಮಾಶ್ವಮೇಧ’ದ ಹೆಚ್ಚಳವು ರಾಮನ ಕಥೆಯಲ್ಲಿರುವುದಕ್ಕಿಂತ ಮುದ್ದಣ ಮನೋರಮೆಯರ ಸಲ್ಲಾಪದಲ್ಲಿದೆಯೆಂಬುದನ್ನು ನಾವೆಲ್ಲ ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಮಳೆಗಾಲದ ಒಂದು ದಿನ ಅರಮನೆಯಿಂದ ಮನೆಗೆ ಬಂದ ಗಂಡನಿಗೆ ಹೆಂಡತಿ ಉಪಚಾರ ಮಾಡಿ, ಹೊತ್ತು ಹೋಗಲು ಕಥೆ ಹೇಳೆಂದು ಕೇಳುತ್ತಾಳೆ. ಅವನು ಆರಂಭಿಸಿದೊಡನೆ ತಡೆಯುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ, ಸಂಸ್ಕೃತದ ಭಾರ ಹೆಚ್ಚಾದರೆ ಅರ್ಥವಾಗದೆಂದು ಆಕ್ಷೇಪಿಸುತ್ತಾಳೆ, ಚೇಷ್ಟೆ ಮಾಡುತ್ತಾಳೆ. ಈ ಮನೋರಮೆ ಯಾರು? ಕವಿಯ ಹೆಂಡತಿಯ ಚಿತ್ರವೆಂದು ಹೇಳಿ ಸುಮ್ಮನಾಗುವುದು ಸಾಲದು. ಆಕೆ ಕವಿಯ ಆತ್ಮಸಂಶಯವೇ ಸೀರೆಯುಟ್ಟು ಬಂದಂತಿದ್ದಾಳೆ. ‘ಇದು ಅರ್ಥವಾದೀತೆ? ಇದು ಬೇಸರವಾದೀತೆ? ಇಷ್ಟು ಉದ್ದ ಬೇಕೆ?’ ಎಂದು ಬರೆಯುವವನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನೆಲ್ಲ ಆಕೆ ಕೇಳುತ್ತಾಳೆ. ಕವಿ ಆ ಪ್ರಶ್ನೆಗಳಿಗೆ ಕಿವಿಗೊಟ್ಟು ತನ್ನ ನಡೆಯನ್ನು ತಿದ್ದಿಕೊಳ್ಳುತ್ತಾನೆ. ಬರೆಯುವ ಮೊದಲೂ ಬರೆಯುವಾಗಲೂ ಸಂಶಯಕ್ಕೆ ಸ್ಥಾನ ಕೊಟ್ಟುದರಿಂದಲೇ ಆ ಗದ್ಯವು ಇಂದಿಗೂ ಜೀವಂತವಾಗಿದೆ. ಇದು ಸಂಶಯದ ಸರಿಯಾದ ಉಪಯೋಗ. ಅಚ್ಚಾದ ಮೇಲೆ ಹೆಸರನ್ನು ಅಡಗಿಸಿದುದು ಅದೇ ಸಂಶಯದ ತಪ್ಪಾದ ಉಪಯೋಗ. ಅದರಿಂದ ಅವನಿಗೆ ಬದುಕಿನಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲದೆ ಹೋಯಿತು. 31 ವರ್ಷಕ್ಕೆ ಕಣ್ಮುಚ್ಚಿದ ಆ ಶಿಕ್ಷಕನನ್ನು ನೆನೆದಾಗ, ನಾಚುವ ಲೇಖಕನನ್ನು ‘ಬಹಳ ವಿನಯಶೀಲ’ ಎಂದು ಹೊಗಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲವೆನಿಸುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಗಳಗನಾಥರದು. ಹಾವೇರಿಯ ಕಡೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರೂ ಶಿಕ್ಷಕರಾಗಿದ್ದವರೇ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಡತೊಡಗಿದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರ ಕಾದಂಬರಿಗಳು ಮನೆಮನೆ ಸೇರಿದವು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದುದೂ, ‘ಮಾಧವ ಕರುಣಾವಿಲಾಸ’ದಂತಹ ಸ್ವತಂತ್ರ ಕೃತಿಯನ್ನು ರಚಿಸಿದುದೂ ನಮಗೆ ತಿಳಿದ ಸಂಗತಿ. ಮರಾಠಿ ಕನ್ನಡ ಎರಡನ್ನೂ ಬಲ್ಲ ನಮ್ಮ ಜತ್ತ ತಾಲೂಕಿನವರಿಗೆ ಈ ಕೊಡುಕೊಳ್ಳುವಿಕೆಯ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ನಾಡು ಅವರನ್ನು ಹೆಚ್ಚಾಗಿ ನೆನೆಯುವುದು ಇನ್ನೊಂದು ಕಾರಣಕ್ಕೆ: ಅವರು ತಮ್ಮ ಪುಸ್ತಕಗಳ ಗಂಟನ್ನು ಬೆನ್ನಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

ಇದು ಆತ್ಮಪ್ರಚಾರವೆ? ಹೌದೆನ್ನುವವರು ಆ ಕಾಲದಲ್ಲಿಯೂ ಇದ್ದಿರಬಹುದು. ಆದರೆ ಆಗಿನ ಸ್ಥಿತಿಯನ್ನು ನೆನೆಯಬೇಕು. ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಓದು ಬಲ್ಲವರು ಕೆಲವರು. ಬಲ್ಲವರಲ್ಲಿ ಬಹಳ ಜನ ಮರಾಠಿಯನ್ನೇ ಓದುತ್ತಿದ್ದರು. ಕನ್ನಡ ಪುಸ್ತಕದ ಅಂಗಡಿಯೆಂಬುದು ಎಲ್ಲಿಯೋ ಒಂದು. ಓದುಗನು ಪುಸ್ತಕದ ಬಳಿಗೆ ಬರಲಾರದಾಗ ಪುಸ್ತಕವೇ ಓದುಗನ ಬಳಿಗೆ ಹೋಗಬೇಕಾಯಿತು. ಅದನ್ನು ಹೊರುವ ಬೆನ್ನು ಬೇರೆ ಯಾರದೂ ಇರಲಿಲ್ಲವಾದುದರಿಂದ ಗ್ರಂಥಕರ್ತನೇ ತನ್ನ ಬೆನ್ನನ್ನು ಕೊಟ್ಟನು. ಅವರು ಜನರ ಬಾಗಿಲಿಗೆ ಒಯ್ದುದು ಓದಲು ಬರುವ ಒಂದು ವಸ್ತುವನ್ನು. ಬರಿಯ ಹೆಸರನ್ನೇ ಒಯ್ದಿದ್ದರೆ ಗಂಟಿಗೆ ಅಷ್ಟು ಭಾರವಿರುತ್ತಿರಲಿಲ್ಲ.

ಅವರ ಬರವಣಿಗೆಯ ಗುಣದೋಷಗಳೆರಡಕ್ಕೂ ಈ ತಿರುಗಾಟಕ್ಕೂ ಸಂಬಂಧವಿದೆಯೆಂದು ನನಗೆ ತೋರುತ್ತದೆ. ಕೊಳ್ಳುವವನ ಮುಖ ಕಂಡವರು ಅವರು. ಆದುದರಿಂದಲೇ ಅವರ ಗದ್ಯವು ಎದುರಿಗೆ ಕುಳಿತ ಕೇಳುಗನೊಡನೆ ಮಾತಾಡುವ ಪುರಾಣಿಕರ ಧಾಟಿಯಲ್ಲಿದೆ. ಸ್ತ್ರೀಯರೂ ಹುಡುಗರೂ ಎಡವದೆ ಓದಿಕೊಂಡು ಹೋಗುವಂತಿದೆ. ಅದೇ ಕಾರಣದಿಂದ ನೀತಿಬೋಧೆಯು ಮೇಲಿಂದ ಮೇಲೆ ಬಂದು ಕಥೆಯ ಕಾಲನ್ನು ಹಿಡಿಯುತ್ತದೆ. ಮುದ್ದಣನಿಗೆ ಒಬ್ಬ ಮನೋರಮೆಯಿದ್ದಳು. ಗಳಗನಾಥರ ಕಾದಂಬರಿಗಳಲ್ಲಿ ‘ಇಷ್ಟು ಸಾಕು’ ಎನ್ನುವ ಅಂತಹ ಧ್ವನಿ ವಿರಳ. ಮೊದಲನೆಯವನಲ್ಲಿ ಸಂಶಯ ಹೆಚ್ಚಾಗಿ ಹೆಸರು ಮರೆಯಾಯಿತು. ಎರಡನೆಯವರಲ್ಲಿ ಧೈರ್ಯ ಹೆಚ್ಚಾಗಿ ಮಾತು ಬೆಳೆಯಿತು. ಹೀಗಿದ್ದರೂ ಕನ್ನಡಕ್ಕೆ ಓದುಗರನ್ನು ತಯಾರು ಮಾಡಿದವರ ಸಾಲಿನಲ್ಲಿ ಗಳಗನಾಥರದು ಮುಂದಿನ ಸ್ಥಾನವೆಂಬುದು ನಿರ್ವಿವಾದ.

ಮೂರನೆಯ ಗುಣಕ್ಕಾಗಿ ದೂರ ಹೋಗಬೇಕಾದುದಿಲ್ಲ. ನಮ್ಮ ನೆರೆಯ ವಿಜಯಪುರದಲ್ಲಿಯೇ ಫ. ಗು. ಹಳಕಟ್ಟಿಯವರು ಬಾಳಿದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಹಿಡಿದ ಅವರು, ಅಲ್ಲಿಯ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೂ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ದುಡಿದವರು. ಇಷ್ಟಾಗಿ ತಮಗೆಂದು ಕೂಡಿಸಿಕೊಳ್ಳಲಿಲ್ಲ. ಓಲೆಯ ಕಟ್ಟುಗಳಲ್ಲಿ ಚದುರಿಹೋಗಿದ್ದ ಶರಣರ ವಚನಗಳನ್ನು ಹುಡುಕಿ, ನಕಲು ಮಾಡಿ, ಹೊಂದಿಸಿ, ‘ವಚನಶಾಸ್ತ್ರ ಸಾರ’ದ ಮೊದಲನೆಯ ಭಾಗವನ್ನು 1923ರಲ್ಲಿ ಬೆಳಗಾವಿಯಲ್ಲಿ ಛಾಪಿಸಿದರು. ಮುಂದೆ 1925ರಲ್ಲಿ ಇದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮನೆ ಮಾರಿ ಯಂತ್ರ ಕೊಂಡುದು ತಮ್ಮ ಕವಿತೆಗಳನ್ನು ಛಾಪಿಸುವುದಕ್ಕಲ್ಲ. ಎಂಟುನೂರು ವರ್ಷಗಳ ಹಿಂದೆ ಬಾಳಿದ, ಪ್ರತ್ಯುಪಕಾರ ಮಾಡಲಾರದ, ಒಂದು ಮುನ್ನುಡಿಯನ್ನೂ ಬರೆದುಕೊಡಲಾರದ ಜನರ ಮಾತುಗಳಿಗಾಗಿ!

ಇಲ್ಲಿ ಔದಾರ್ಯದ ನಿಜವಾದ ಒರೆಗಲ್ಲು ಸಿಗುತ್ತದೆ. ತಿರುಗಿ ಬರುವ ಆಸೆಯಿಲ್ಲದೆ ಕೊಟ್ಟುದೇ ಕೊಡುಗೆ. ‘ನೀನು ನನ್ನ ಪುಸ್ತಕಕ್ಕೆ ಬರೆ, ನಾನು ನಿನ್ನ ಪುಸ್ತಕಕ್ಕೆ ಬರೆಯುತ್ತೇನೆ’ ಎಂಬುದು ಮುಯ್ಯಿ. ಮದುವೆಯ ಮುಯ್ಯಿಯಂತೆ ಅದನ್ನೂ ವಹಿಯಲ್ಲಿ ಬರೆದಿಡಬಹುದು. ಇನ್ನೊಂದು ಮಾತು. ಹಳಕಟ್ಟಿಯವರ ಆವೃತ್ತಿಗಳು ದೋಷರಹಿತವಾದವೆಂದು ಯಾರೂ ಹೇಳುವುದಿಲ್ಲ. ಅವರಿಗೆ ದೊರೆತ ಪ್ರತಿಗಳು ಕೆಲವು, ಸಾಧನ ಕಡಿಮೆ, ಸಹಾಯ ಇನ್ನೂ ಕಡಿಮೆ. ಮುಂದಿನ ವಿದ್ವಾಂಸರು ಹೆಚ್ಚಿನ ಹಸ್ತಪ್ರತಿಗಳನ್ನು ನೋಡಿ ಪಾಠಗಳನ್ನು ತಿದ್ದಿದರು, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಈ ತಿದ್ದುವಿಕೆಯಿಂದ ಹಳಕಟ್ಟಿಯವರ ಕೀರ್ತಿ ಕುಂದಿತೆ? ಇಲ್ಲ. ತಪ್ಪನ್ನು ತೋರಿಸಿ ಮುಂದುವರಿಸುವುದೇ ಅಂತಹ ಕೆಲಸಕ್ಕೆ ಸಲ್ಲಿಸುವ ಗೌರವ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕೊನೆಯಲ್ಲಿ ಇದಕ್ಕೇ ಮರಳಿ ಬರುವವನಿದ್ದೇನೆ.

ಈ ಗುಣಗಳು ಒಬ್ಬೊಬ್ಬರಲ್ಲಿ ಒಂದೊಂದಾಗಿ ಬೇರ್ಪಟ್ಟು ಇರುವುದಿಲ್ಲವೆಂಬುದಕ್ಕೆ ಹೊರಗಿನ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಅಮೇರಿಕೆಯ ಕವಿ ವಾಲ್ಟ್ ವ್ಹಿಟ್‌ಮನ್ನನು ತನ್ನ ‘ಲೀವ್ಸ್ ಆಫ್ ಗ್ರಾಸ್’ ಎಂಬ ಕವನಸಂಗ್ರಹವನ್ನು 1855ರಲ್ಲಿ ತನ್ನ ಖರ್ಚಿನಿಂದಲೇ ಛಾಪಿಸಿದನು. ಅಚ್ಚುಮೊಳೆ ಜೋಡಿಸುವುದಕ್ಕೂ ತಾನೇ ಕೈ ಹಾಕಿದನು. ಅದರ ಮುಖಪುಟದಲ್ಲಿ ಕರ್ತೃವಿನ ಹೆಸರೇ ಇರಲಿಲ್ಲ. ಇದನ್ನು ಕೇಳಿದರೆ ಎಂತಹ ವಿನಯವೆನ್ನಬೇಕು! ಆದರೆ ಅದೇ ಕವಿಯು ಹೆಸರಿಲ್ಲದೆ ಪತ್ರಿಕೆಗಳಲ್ಲಿ ತನ್ನ ಪುಸ್ತಕವನ್ನು ತಾನೇ ಹೊಗಳಿ ವಿಮರ್ಶೆ ಬರೆದುಕೊಂಡನು. ಎಮರ್ಸನ್ನನು ಮೆಚ್ಚಿ ಬರೆದ ಖಾಸಗಿ ಪತ್ರದ ಮಾತನ್ನು ಅವನ ಅಪ್ಪಣೆಯಿಲ್ಲದೆ 1856ರ ಆವೃತ್ತಿಯ ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದನು. ಕವಿತೆ ದೊಡ್ಡದೆಂಬುದನ್ನು ಕಾಲ ಒಪ್ಪಿದೆ. ಆ ನಡತೆ ಸಣ್ಣದೆಂಬುದನ್ನೂ ಒಪ್ಪಬೇಕಾಗುತ್ತದೆ. ಗಳಗನಾಥರ ಪ್ರಚಾರಕ್ಕೂ ಇವನ ಪ್ರಚಾರಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಅವರು ತಮ್ಮ ಮುಖವನ್ನು ತೋರಿಸಿ ಪುಸ್ತಕವನ್ನು ಮಾರಿದರು. ಇವನು ಬೇರೆಯವರ ಮುಖವಾಡ ಹಾಕಿಕೊಂಡು ಮಾರಿದನು. ದೋಷವಿರುವುದು ಮುಖವಾಡದಲ್ಲಿ; ಮಾರುವುದು ದೋಷವಲ್ಲ.

ಎರಡನೆಯದು ನಮ್ಮ ಮಹಾರಾಷ್ಟ್ರದ್ದೇ. ಖಾನದೇಶದ ಬಹಿಣಾಬಾಯಿ ಚೌಧರಿಯವರು ಅಕ್ಷರ ಬಾರದ ರೈತಹೆಂಗಸು. ಬೀಸುವಾಗ, ಹೊಲದಲ್ಲಿ ದುಡಿಯುವಾಗ ಹಾಡು ಕಟ್ಟಿದವರು. ಅವರು 1951ರಲ್ಲಿ ತೀರಿಕೊಂಡ ಮೇಲೆ ಮಗ ಸೋಪಾನದೇವರಿಂದ ಆ ಹಾಡುಗಳು ಆಚಾರ್ಯ ಅತ್ರೆಯವರ ಕಿವಿಗೆ ಬಿದ್ದವು. ಸೋಪಾನದೇವರೂ ಕವಿಗಳೇ, ಆದರೆ ಮುಂದೆ ಮಾಡಿದುದು ತಾಯಿಯ ಹಾಡನ್ನು. ಅತ್ರೆಯವರಂತೂ ಮಾತಿನ ಅಬ್ಬರಕ್ಕೆ ಮಹಾರಾಷ್ಟ್ರದಲ್ಲೆಲ್ಲ ಹೆಸರಾದವರು. ಸಂಕೋಚವೆಂಬುದು ಅವರ ಹತ್ತಿರ ಸುಳಿಯಲಿಲ್ಲ. ಆದರೆ ಆ ಹಾಡುಗಳನ್ನು ಕೇಳಿ ಅವು ಬೆಳಕಿಗೆ ಬರಲೇಬೇಕೆಂದು ಹಟ ಹಿಡಿದವರು ಅವರೇ. 1952ರಲ್ಲಿ ಅವರ ಮುನ್ನುಡಿಯೊಡನೆ ಆ ಸಂಗ್ರಹ ಹೊರಬಂದಿತು. ತನ್ನ ಡಂಗುರ ಹೊಡೆಯಲು ಬಲ್ಲ ಕೈ ಇನ್ನೊಬ್ಬರ ಡಂಗುರವನ್ನೂ ಹೊಡೆಯಬಲ್ಲದು. ಆತ್ಮಪ್ರಚಾರದ ಮನುಷ್ಯನಲ್ಲಿ ಔದಾರ್ಯವಿರುವುದಿಲ್ಲವೆಂದು ಆತುರದಿಂದ ತೀರ್ಪು ಕೊಡುವವರು ಈ ಸಂಗತಿಯನ್ನು ನೆನೆಯಬೇಕು.

ಇನ್ನು ನಮ್ಮ ಮಾತು. ಅನ್ಯರ ಗುಣದೋಷಗಳನ್ನು ಇಷ್ಟು ಹೊತ್ತು ಎಣಿಸಿದವನು ತನ್ನದನ್ನು ಮುಚ್ಚಿಡುವುದು ಸರಿಯಲ್ಲ.

ಕೆಲವು ವರ್ಷಗಳ ಕೆಳಗೆ ಒಬ್ಬ ತರುಣ ಶಿಕ್ಷಕರು ತಮ್ಮ ಕಥೆಗಳ ಹಸ್ತಪ್ರತಿಯನ್ನು ನನಗೆ ತಂದುಕೊಟ್ಟರು. ಒಳ್ಳೆಯ ಸ್ವಭಾವದವರು, ಕನ್ನಡದ ಮೇಲೆ ಬಹಳ ಅಭಿಮಾನ. ನಾನು ರಾತ್ರಿ ಕುಳಿತು ಓದಿದೆನು. ಎಂಟು ಕಥೆಗಳಲ್ಲಿ ಎರಡು ನಿಜವಾಗಿ ಚೆನ್ನಾಗಿದ್ದವು. ಬರಗಾಲದ ವರ್ಷ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವ ಒಬ್ಬ ಮುದುಕನ ಕಥೆ ಅದರಲ್ಲಿತ್ತು. ಅದನ್ನು ಓದುವಾಗ ನಮ್ಮ ಜತ್ತ ಸೀಮೆಯ ಒಣಭೂಮಿಯೇ ಕಣ್ಣಿಗೆ ಕಟ್ಟಿತು. ಉಳಿದ ಆರು ಕಥೆಗಳು ಉಪದೇಶದ ಭಾಷಣಗಳು; ವ್ಯಾಕರಣದ ತಪ್ಪುಗಳೂ ಇದ್ದವು. ಇದನ್ನು ಹೇಳಬೇಕೆಂದೇ ಮುಂಜಾನೆ ಎದ್ದೆನು. ಆದರೆ ಅವರ ಮುಖ ಕಂಡೊಡನೆ ಬಾಯಿಂದ ಬಂದುದು ‘ಛಲೋ ಬರದೀರಿ’ ಎಂಬ ಎರಡೇ ಶಬ್ದ. ಅದನ್ನು ಆಗ ನಾನು ಔದಾರ್ಯವೆಂದೇ ತಿಳಿದಿದ್ದೆ. ಮನಸ್ಸು ನೋಯಿಸಬಾರದು, ಬೆಳೆಯುವ ಸಸಿಯನ್ನು ಚಿವುಟಬಾರದು, ಇತ್ಯಾದಿ.

ಆ ಕಥೆಗಳು ಪುಸ್ತಕವಾದವು. ಸಮಾರಂಭವಾಯಿತು, ನಾನೇ ಅಧ್ಯಕ್ಷನು. ವರ್ಷ ಕಳೆದ ಮೇಲೆ ಒಂದು ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲಿನ ವಿಮರ್ಶೆಯು ತಪ್ಪುಗಳನ್ನು ಮಾತ್ರ ಎಣಿಸಿತು. ಎತ್ತಿನ ಕಥೆಯ ಹೆಸರನ್ನೂ ಎತ್ತಲಿಲ್ಲ. ಅವರು ಆ ಪತ್ರಿಕೆಯನ್ನು ಹಿಡಿದು ನನ್ನ ಬಳಿಗೆ ಬಂದರು. ಸಿಟ್ಟು ಮಾಡಲಿಲ್ಲ. ಇಷ್ಟೇ ಅಂದರು: “ಸರ, ನೀವು ಛಲೋ ಐತಿ ಅಂದಿದ್ರಿ. ಅದನ್ನ ನಂಬಿ ಪತಸಂಸ್ಥೆದಾಗ ಸಾಲಾ ತಗದು ಛಾಪಿಸಿದ್ನಿ. ಈ ತಪ್ಪು ನಿಮಗ ಆವಾಗ ಕಾಣಲಿಲ್ಲೇನ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಕಂಡಿತ್ತು, ಹೇಳಲಿಲ್ಲ. ಆ ಪುಸ್ತಕದ ಕಟ್ಟುಗಳು ಈಗ ಅವರ ಮನೆಯ ಟ್ರಂಕಿನಲ್ಲಿವೆ. ಅನಂತರ ಅವರು ಬರೆದುದನ್ನು ನಾನು ಕಾಣೆ. ಆ ಎತ್ತಿನ ಕಥೆಯಂತಹ ಇನ್ನು ನಾಲ್ಕು ಕಥೆಗಳು ಅವರ ಕೈಯಿಂದ ಬರಬಹುದಾಗಿತ್ತು. ನಾನು ಸಸಿಯನ್ನು ಚಿವುಟಲಿಲ್ಲ ನಿಜ; ಆದರೆ ಕಳೆ ಕೀಳದೆ ಬಿಟ್ಟು ಅದನ್ನು ಕೊಂದೆನು. ನನ್ನ ಔದಾರ್ಯದ ಒಳಗೆ ಇದ್ದುದು ಏನು? ಒಳ್ಳೆಯವನೆನಿಸಿಕೊಳ್ಳಬೇಕೆಂಬ ಆಸೆ. ಅಂದರೆ ಅದು ನನ್ನದೇ ಪ್ರಚಾರ. ಇನ್ನೊಬ್ಬರ ಸಾಲದ ದುಡ್ಡಿನಲ್ಲಿ ನಡೆದ ನನ್ನ ಆತ್ಮಪ್ರಚಾರ.

ಇದು ಒಬ್ಬರ ದುಃಖವಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ಗಡಿಭಾಗದಲ್ಲಿ ಇದರ ಹಾನಿ ಬೇರೆಡೆಗಿಂತ ಹೆಚ್ಚು. ನಮ್ಮ ಹಳ್ಳಿಗಳ ಹುಡುಗನಿಗೆ ಮನೆಯ ಮಾತು ಕನ್ನಡ, ಎಸ್.ಟಿ. ಬಸ್ಸಿನ ಫಲಕ ಮರಾಠಿ, ಕಚೇರಿಯ ಕಾಗದ ಮರಾಠಿ. ಕನ್ನಡ ಪುಸ್ತಕದ ಅಂಗಡಿಯನ್ನು ಅವನು ಕಂಡಿರುವುದಿಲ್ಲ. ಪಠ್ಯಪುಸ್ತಕದ ಹೊರಗೆ ಅವನ ಕೈಗೆ ಬರುವ ಮೊದಲನೆಯ ಕನ್ನಡ ಹೊತ್ತಿಗೆ ಬಹುಶಃ ನಮ್ಮಲ್ಲಿಯೇ ಒಬ್ಬರು ಬರೆದು ಕಾಣಿಕೆ ಕೊಟ್ಟುದಾಗಿರುತ್ತದೆ. ಅದು ಅವನನ್ನು ಹಿಡಿದು ಓದಿಸಿದರೆ ಅವನು ಇನ್ನೊಂದನ್ನು ಕೇಳುತ್ತಾನೆ. ತಪ್ಪುಗಳಿಂದಲೂ ಹೊಗಳಿಕೆಗಳಿಂದಲೂ ತುಂಬಿದ್ದರೆ, ಕನ್ನಡ ಪುಸ್ತಕವೆಂದರೆ ಇಷ್ಟೇ ಎಂದು ಮುಚ್ಚಿಡುತ್ತಾನೆ. ಹಾಗೆ ಮುಚ್ಚಿದ ಪುಸ್ತಕವನ್ನು ಯಾವ ಠರಾವೂ ತೆರೆಯಲಾರದು.

ಈಗಂತೂ ಪ್ರಚಾರವು ಸುಲಭವಾಗಿದೆ. ಗಳಗನಾಥರು ಬೆನ್ನಿನಿಂದ ಮಾಡಿದುದನ್ನು ನಾವು ಹೆಬ್ಬೆರಳಿನಿಂದ ಮಾಡುತ್ತೇವೆ. ಪುಸ್ತಕದ ಮುಖಪುಟ, ಸತ್ಕಾರದ ಫೋಟೋ, ಅಭಿನಂದನೆಯ ಮಾಲೆ ಎಲ್ಲವೂ ಮೊಬೈಲಿನಲ್ಲಿ ಒಂದು ಗಳಿಗೆಯಲ್ಲಿ ಊರೆಲ್ಲ ತಿರುಗುತ್ತವೆ. ತಿರುಗದೆ ಉಳಿಯುವುದು ಪುಸ್ತಕ ಮಾತ್ರ! ನೂರು ಜನ ಅಭಿನಂದಿಸಿದವರಲ್ಲಿ ಹತ್ತು ಜನ ಕೊಂಡಿದ್ದರೆ, ಹತ್ತರಲ್ಲಿ ಒಬ್ಬರು ಓದಿ ಎರಡು ಸಾಲು ಬರೆದಿದ್ದರೆ ಲೇಖಕನು ಧನ್ಯನು. ಆ ಒಬ್ಬರೂ ಇಲ್ಲದಾಗ ಲೇಖಕನು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾನೆ: ಒಂದೋ ಮುದ್ದಣನಂತೆ ಮುದುಡಿಕೊಳ್ಳುತ್ತಾನೆ, ಇಲ್ಲವೆ ವ್ಹಿಟ್‌ಮನ್ನನಂತೆ ತಾನೇ ತನ್ನನ್ನು ಹೊಗಳಿಕೊಳ್ಳುತ್ತಾನೆ. ಎರಡಕ್ಕೂ ಕಾರಣ ಒಂದೇ. ಅವನನ್ನು ಪ್ರಾಮಾಣಿಕವಾಗಿ ಓದಿದವರು ಯಾರೂ ಇಲ್ಲ. ಆದುದರಿಂದ ಲೇಖಕನ ನಾಚಿಕೆಯನ್ನೂ ಜಂಬವನ್ನೂ ಹಳಿಯುವ ಮುಂಚೆ ಓದುಗರಾದ ನಾವು ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು.

ಇಷ್ಟರಿಂದ ನನಗೆ ಹೊಳೆದ ತಾತ್ಪರ್ಯವಿದು. ಸಂಶಯವು ಅಚ್ಚಿಗೆ ಹೋಗುವ ಮೊದಲು ಇರಬೇಕು. ಮನೋರಮೆಯಂತೆ ಹತ್ತಿರ ಕುಳಿತು ತಡೆಯಬೇಕು. ಅಚ್ಚಾದ ಮೇಲೆ ಸಂಶಯಪಟ್ಟು ಪುಸ್ತಕವನ್ನು ಟ್ರಂಕಿನಲ್ಲಿ ಅಡಗಿಸುವುದರಿಂದ ಯಾರಿಗೂ ಲಾಭವಿಲ್ಲ. ಪ್ರಚಾರವು ಅಚ್ಚಾದ ಮೇಲೆ ಬರಬೇಕು. ಪುಸ್ತಕವನ್ನು ಓದುಗನ ಬಾಗಿಲಿಗೆ ಒಯ್ಯಬೇಕು. ತನ್ನ ಪುಸ್ತಕವನ್ನು ತಾನು ಹೊರುವುದರಲ್ಲಿ ಅವಮಾನವಿಲ್ಲ. ಬೆಲೆ ಕೇಳುವುದರಲ್ಲಿಯೂ ಅವಮಾನವಿಲ್ಲ. ಔದಾರ್ಯದ ಸ್ಥಾನವಾದರೋ ಇವೆರಡರ ನಡುವೆ: ಹಸ್ತಪ್ರತಿಯನ್ನು ಕೊನೆಯವರೆಗೆ ಓದಿ, ಚೆನ್ನಾದುದು ಯಾವುದು, ಕೆಟ್ಟುದು ಯಾವುದು ಎಂದು ಪುಟದ ಸಂಖ್ಯೆ ಹಾಕಿ ಹೇಳುವುದರಲ್ಲಿ. ಹಳಕಟ್ಟಿಯವರ ಪಾಠಗಳನ್ನು ತಿದ್ದಿದವರು ಅವರಿಗೆ ಮಾಡಿದ ಗೌರವವನ್ನೇ ನಾವು ನಮ್ಮ ನೆರೆಯ ಲೇಖಕನಿಗೂ ಮಾಡಬೇಕು. ಮಕ್ಕಳ ವಹಿಗಳನ್ನು ಕೆಂಪು ಶಾಯಿಯಿಂದ ತಿದ್ದುವಾಗ ಅವರ ಮೇಲೆ ನಮಗೆ ದ್ವೇಷವಿರುವುದೆ? ಸಹೋದ್ಯೋಗಿಯ ಹಸ್ತಪ್ರತಿ ಬಂದಾಗ ಮಾತ್ರ ಆ ಶಾಯಿ ಏಕೆ ಒಣಗಬೇಕು?

ನಮ್ಮ ಸಂಘದ ಸದಸ್ಯರ ಮುಂದೆ ಎರಡು ಸಣ್ಣ ಸೂಚನೆಗಳನ್ನಿಟ್ಟು ಮುಗಿಸುತ್ತೇನೆ. ನಮ್ಮಲ್ಲಿ ಯಾರೇ ಪುಸ್ತಕವನ್ನು ಛಾಪಿಸಲು ಹೊರಟರೂ, ಅದಕ್ಕೆ ಮೊದಲು ಇಬ್ಬರು ಸದಸ್ಯರು ಅದನ್ನು ಓದಿ ತಪ್ಪುಒಪ್ಪುಗಳನ್ನು ಲಿಖಿತವಾಗಿ ತಿಳಿಸಲಿ. ಹಾಗೆ ಓದಿದವರಿಗೆ ಮುನ್ನುಡಿಯ ಗೌರವ ಬೇಡ, ಅರಿಕೆಯಲ್ಲಿ ಒಂದು ಸಾಲಿನ ಉಪಕಾರಸ್ಮರಣೆ ಸಾಕು. ಎರಡನೆಯದಾಗಿ, ವಾರ್ಷಿಕ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಾವು ಓದಿ ಮೆಚ್ಚಿದ ಇನ್ನೊಬ್ಬ ಗಡಿನಾಡ ಲೇಖಕನ ಒಂದು ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬರಲಿ. ತಮ್ಮದನ್ನು ತರಬಾರದೆಂದಲ್ಲ; ಅದರ ಜೊತೆಗೆ ಇನ್ನೊಂದು.

ಈ ಲೇಖನವನ್ನು ಬರೆದು ಮುಗಿಸುವ ಮೊದಲು ಹಸ್ತಪ್ರತಿಯನ್ನು ಆ ತರುಣ ಶಿಕ್ಷಕರಿಗೇ ಓದಲು ಕೊಟ್ಟೆನು. ತಮ್ಮ ಸಂಗತಿ ಬಂದುದಕ್ಕೆ ಅವರು ಬೇಸರಪಡಲಿಲ್ಲ. ಹೆಸರು ಮಾತ್ರ ಬೇಡವೆಂದರು. ಮರುದಿನ ತಿರುಗಿ ಕೊಟ್ಟಾಗ ಅಂಚಿನಲ್ಲಿ ಪೆನ್ಸಿಲಿನಿಂದ ಏಳು ತಪ್ಪುಗಳನ್ನು ಗುರುತು ಮಾಡಿದ್ದರು. ಅವುಗಳಲ್ಲಿ ಆರನ್ನು ತಿದ್ದಿದ್ದೇನೆ. 'ಸಸಿಯ ಮಾತು ಸ್ವಲ್ಪ ಭಾಷಣದಂತಾಯಿತು' ಎಂಬ ಏಳನೆಯದನ್ನು ಒಪ್ಪುವುದೋ ಬಿಡುವುದೋ ಎಂದು ಇನ್ನೂ ಸಂಶಯವಿರುವುದರಿಂದ ಹಾಗೆಯೇ ಬಿಟ್ಟಿದ್ದೇನೆ. ಓದುಗರು ತೀರ್ಮಾನಿಸಲಿ. ಆ ಎತ್ತಿನ ಕಥೆಯನ್ನು ಮಾತ್ರ ಮುಂದಿನ ಸಂಚಿಕೆಗೆ ತಿದ್ದಿ ಕೊಡಲು ಅವರು ಒಪ್ಪಿದ್ದಾರೆ.